ನಿಮಗ್ಯಾಕ ಬೇಕ್ರಿ ಇದೆಲ್ಲಾ?

ನಮ್ಮ ಧಾರವಾಡದ ಕಡೆ ಹೆಣ್ಣುಮಕ್ಕಳಿಗೆ ಬೇಡವೆನ್ನುವ ರೀತಿಯೇ ಬೇರೆ. ಬೈಯುವುದಿಲ್ಲ, ಗದರಿಸುವುದಿಲ್ಲ, 'ಮಾಡಬ್ಯಾಡ್ರಿ' ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಕುರ್ಚಿಯ ಧೂಳು ಝಾಡಿಸಿ ಕೂಡ್ರಿಸುತ್ತಾರೆ. ಎದುರಿನ ಅಂಗಡಿಯಿಂದ ಚಹಾ ತರಿಸುತ್ತಾರೆ. ಆಮೇಲೆ ಬಹಳ ಮರ್ಯಾದೆಯಿಂದ, ಬಹುವಚನದಲ್ಲಿ, ಮುಖದ ಮೇಲೆ ನಗು ಇಟ್ಟುಕೊಂಡೇ ಕೇಳುತ್ತಾರೆ: "ನಿಮಗ್ಯಾಕ ಬೇಕ್ರೀ ಅಕ್ಕೋರ ಇದೆಲ್ಲಾ?"

ಎರಡು ವರ್ಷಗಳಲ್ಲಿ ಎಷ್ಟು ಜನ ನನಗೆ ಈ ಪ್ರಶ್ನೆ ಕೇಳಿದರೆಂದು ಲೆಕ್ಕ ಇಟ್ಟಿಲ್ಲ. ಗ್ಯಾರೇಜಿನವರು ಕೇಳಿದರು. ಬಿಡಿಭಾಗಗಳ ಅಂಗಡಿಯವರು ಕೇಳಿದರು. ಅಣ್ಣ ಕೇಳಿದ. ಶಾಲೆಯ ಸ್ಟಾಫ್ ರೂಮಿನಲ್ಲಿ ಜೊತೆಯ ಅಕ್ಕೋರುಗಳು ಕೇಳಿದರು. ಎಲ್ಲರಿಗಿಂತ ಮೊದಲು ಕೇಳಿದವಳು ನನ್ನ ಹಡೆದವ್ವ. ಅಷ್ಟಕ್ಕೂ ನಾನು ಬೇಡಿದ್ದೇನು? ಚುನಾವಣೆಯ ಟಿಕೇಟನ್ನಲ್ಲ, ಬಂಗಾರವನ್ನಲ್ಲ. ಅಪ್ಪನ ಹಳೆಯ ಮೋಟರ್ ಸೈಕಲ್ಲಿನ ಇಂಜಿನ್ ಬಿಚ್ಚುವುದು ಹೇಗೆ, ಒಂದು ಸಲ ತೋರಿಸಿರಿ ಎಂದಿದ್ದೆ.

ಅಪ್ಪ ಪಶುವೈದ್ಯ ಇಲಾಖೆಯಲ್ಲಿದ್ದ. ಡಾಕ್ಟರ ಅಲ್ಲ, ಡಾಕ್ಟರರ ಕೈಕೆಳಗಿನವ. ಆದರೆ ಅಣ್ಣಿಗೇರಿ, ನವಲಗುಂದದ ಸುತ್ತಿನ ಹಳ್ಳಿಗಳಲ್ಲಿ ಎತ್ತಿಗೆ ಸೂಜಿ ಹಾಕುವವನೇ ಡಾಕ್ಟರ. 1983ರಲ್ಲಿ ಸಾಲ ಮಾಡಿ ಒಂದು ಯೆಜ್ಡಿ ರೋಡ್‌ಕಿಂಗ್ ಕೊಂಡ. ಜನ ಅದಕ್ಕೆ 'ಡಾಕ್ಟರ ಫಟಫಟಿ' ಎಂದು ಹೆಸರಿಟ್ಟರು. ಒಂದು ಮೈಲು ದೂರದಿಂದಲೇ ಸಪ್ಪಳ ಕೇಳಿ, ಬೇನೆಬಿದ್ದ ದನವನ್ನು ಹೊರಗೆ ಹೊಡಕೊಂಡು ಬಂದು ನಿಲ್ಲಿಸಿರುತ್ತಿದ್ದರಂತೆ.

ಎರೆ ಭೂಮಿಯನ್ನು ಕಾಣದವರಿಗೆ ಆ ದಾರಿಗಳ ಕಷ್ಟ ಹೇಳಿದರೆ ತಿಳಿಯಲಿಕ್ಕಿಲ್ಲ. ಬೇಸಗೆಯಲ್ಲಿ ಕಾಲು ಸಿಕ್ಕಿಬೀಳುವಂಥ ಬಿರುಕು. ಮಳೆ ಬಿದ್ದರೆ ಅದೇ ನೆಲ ಅಂಟು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಒಂದೊಂದು ಕಾಲಿಗೆ ಎರಡು ಸೇರು ಮಣ್ಣು. ಗಾಡಿಯ ಗಾಲಿ ಮತ್ತು ಮಡ್‌ಗಾರ್ಡಿನ ನಡುವೆ ಆ ಮಣ್ಣು ತುಂಬಿಕೊಂಡಿತೆಂದರೆ ಗಾಲಿ ತಿರುಗುವುದೇ ಇಲ್ಲ. ಅಪ್ಪ ಮೃಗಶಿರಾ ಮಳೆ ಹಿಡಿಯುತ್ತಲೇ ಮುಂದಿನ ಮಡ್‌ಗಾರ್ಡನ್ನು ಬಿಚ್ಚಿ ಅಟ್ಟಕ್ಕೆ ಹಾಕುತ್ತಿದ್ದ. ಮಣ್ಣು ಕೆದರಲು ಒಂದು ಜಾಲಿಯ ಬಡಿಗೆ ಸೀಟಿಗೆ ಕಟ್ಟಿರುತ್ತಿತ್ತು. ಬೆಣ್ಣಿಹಳ್ಳ ಬಂದರೆ ಗಾಡಿ ಈ ದಂಡೆ, ಅಪ್ಪ ಈ ದಂಡೆ, ಬೇನೆಬಿದ್ದ ದನ ಆ ದಂಡೆ. ಈಗ ಬೆಂಗಳೂರಿನ ಹುಡುಗರು ಲಕ್ಷಗಟ್ಟಲೆ ಕೊಟ್ಟು ರಸ್ತೆಯಿಲ್ಲದಲ್ಲಿ ಓಡಿಸುವ 'ಟ್ರೇಲ್' ಗಾಡಿ ಕೊಳ್ಳುತ್ತಾರೆಂದು ಓದುತ್ತೇನೆ. ನಮ್ಮ ಕಡೆ ರಸ್ತೆಯಿಲ್ಲದಲ್ಲಿ ಓಡಿಸುವುದಕ್ಕೆ ಪಗಾರ ಕೊಡುತ್ತಿದ್ದರು.

ಈ ಗಾಡಿ ನಮ್ಮ ನಾಡಿನದೇ. ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆಗೆದು 1961ರಿಂದ ಚೆಕೊಸ್ಲೊವಾಕಿಯಾದ ಜಾವಾ ಗಾಡಿಯನ್ನು ಇಲ್ಲಿ ಮಾಡತೊಡಗಿದರು. ಎಪ್ಪತ್ತರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1985ರಲ್ಲಿ ಹೀರೋ ಹೋಂಡಾದ ನೂರು ಸಿಸಿ ಗಾಡಿ ಬಂದು, ಒಂದು ಲೀಟರಿಗೆ ಎಷ್ಟು ಕಿಲೋಮೀಟರು ಎಂಬುದೇ ಮದುವೆ ಗಂಡಿನ ಯೋಗ್ಯತೆಯಂತಾದ ಮೇಲೆ ಪೆಟ್ರೋಲು ಕುಡಿಯುವ, ಹೊಗೆ ಉಗುಳುವ ಯೆಜ್ಡಿಯನ್ನು ಕೇಳುವವರು ಕಡಿಮೆಯಾದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಪ್ಪ ಮಾತ್ರ ನಿವೃತ್ತಿಯಾದ ಮೇಲೂ ಅದರ ಮೇಲೆಯೇ ಹೊಲಕ್ಕೆ ಹೋಗುತ್ತಿದ್ದ.

2009ರಲ್ಲಿ ಅಪ್ಪ ತೀರಿಕೊಂಡ. ಎರಡು ವರ್ಷ ಬಿಟ್ಟು ಅಣ್ಣ ಹೊಲದ ಕಾಗದ ಮಾಡಿಸಬೇಕೆಂದು ಕರೆಸಿದ. ಮಗಳಿಗೂ ಮಗನಷ್ಟೇ ಪಾಲು ಎಂದು 2005ರಲ್ಲಿ ಕಾನೂನು ಬಂದದ್ದು ನನಗೆ ಗೊತ್ತಿತ್ತು. ಶಾಲೆಯಲ್ಲಿ ಪೌರನೀತಿ ಕಲಿಸುವವಳು ನಾನೇ! ಆದರೂ ಇಳಕಲ್ ಸೀರೆ ಉಡಿಸಿ, ಉಡಿ ತುಂಬಿ, ಹಕ್ಕು ಬಿಡುಗಡೆ ಪತ್ರ ಮುಂದಿಟ್ಟಾಗ ಓದದೆ ಸಹಿ ಹಾಕಿದೆ. ತವರಿನ ಬಾಗಿಲು ತೆರೆದಿರಲಿ ಎಂಬ ಆಸೆ. ಓದುವ ಅಕ್ಕ-ತಂಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮಲ್ಲಿ ಎಷ್ಟು ಜನ ಹೀಗೆ ಸಹಿ ಹಾಕಿದ್ದೀರೋ. ಹೊರಡುವಾಗ ದನದ ಮನೆಯಲ್ಲಿ ಗೋಣಿತಾಟಿನ ಕೆಳಗೆ ನಿಂತಿದ್ದ ಫಟಫಟಿಯನ್ನು ತೋರಿಸಿ, "ಇದನ್ನ ನನಗ ಕೊಡೋ ಅಣ್ಣಾ" ಎಂದೆ. ಅವನು ನಕ್ಕ. "ಒಯ್ಯವಾ. ಗುಜರಿಯವನೂ ಮೂರು ಸಾವಿರಕ್ಕ ಮ್ಯಾಲೆ ಕೊಡೂದಿಲ್ಲ ಅದಕ್ಕ." ಟ್ರ್ಯಾಕ್ಟರಿನ ಟ್ರೇಲಿಯಲ್ಲಿ ಹೇರಿಸಿ ನವಲಗುಂದಕ್ಕೆ ತಂದು ಹಿತ್ತಲಿನಲ್ಲಿ ನಿಲ್ಲಿಸಿದೆ. ಅಲ್ಲಿ ಅದು ಇನ್ನೂ ಹತ್ತು ವರ್ಷ ನಿಂತಿತು.

2021ರ ಬೇಸಗೆಯಲ್ಲಿ ರೋಗದ ಭಯಕ್ಕೆ ಶಾಲೆ ಮುಚ್ಚಿದಾಗ ನನಗೆ ಬಿಡುವು ಸಿಕ್ಕಿತು. ಗೋಣಿತಾಟು ತೆಗೆದೆ. ಗಾಳಿ ಸೋಸುವ ಡಬ್ಬಿಯಲ್ಲಿ ಇಲಿ ಸಂಸಾರ ಮಾಡಿತ್ತು. ಸೈಲೆನ್ಸರಿನ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಟಾಕಿಯ ಮುಚ್ಚಳ ತೆಗೆದರೆ ಹಳೆಯ ವಾರ್ನಿಶ್ ವಾಸನೆ, ಒಳಗೆ ಇಟ್ಟಂಗಿ ಪುಡಿಯಂಥ ತುಕ್ಕು. ಹಿಂದಿನ ಮಡ್‌ಗಾರ್ಡಿನ ಒಳಗೆ ಎರೆಮಣ್ಣು ಕಲ್ಲಾಗಿ ಕುಳಿತಿತ್ತು. ಅದನ್ನು ಒಡೆದಾಗ ನಡುವೆ ಒಂದು ಕುಸುಬೆಯ ದಂಟು. ಯಾವ ವರ್ಷದ ಬೆಳೆಯೋ, ಯಾವ ಊರಿನ ದಾರಿಯೋ. ಆ ಮಣ್ಣನ್ನು ಎಸೆಯಲು ಮನಸ್ಸು ಬಾರದೆ ತುಳಸಿಕಟ್ಟೆಗೆ ಹಾಕಿದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಗ್ಯಾರೇಜು ತೆರೆಯುತ್ತಲೇ ತಳ್ಳಿಸಿಕೊಂಡು ಹೋದೆ. ಮಿಸ್ತ್ರಿ ಕಿಕ್ ಒತ್ತಿ ನೋಡಿದ, ಅದು ಅಲುಗಲಿಲ್ಲ. ಹತ್ತು ನಿಮಿಷದಲ್ಲಿ ತೀರ್ಪಾಯಿತು. ಕ್ರ್ಯಾಂಕ್ ಹೋಗಿದೆ, ಬೋರ್ ಹೋಗಿದೆ, ಹೆಡ್ಡೂ ಹೋಗಿದೆ, ಇಪ್ಪತ್ತೈದು ಸಾವಿರ ಆಗುತ್ತದೆ. ಬಿಚ್ಚದೆ ಹೇಗೆ ತಿಳಿಯಿತೆಂದು ಕೇಳಿದೆ. ನಕ್ಕ. ಬಿಚ್ಚುವಾಗ ನಿಂತು ನೋಡುತ್ತೇನೆಂದೆ. "ನೀವು ಸಂಜಿಕ ಬರ್ರಿ ಅಕ್ಕೋರ, ಇಲ್ಲೆ ಎಣ್ಣಿ-ಗಿಣ್ಣಿ ಸೀರಿಗೆ ಹತ್ತತದ." ನಾನು ಕದಲಲಿಲ್ಲ. ಆತ ಬೆನ್ನು ನನ್ನ ಕಡೆ ಮಾಡಿ ಕುಳಿತ. ನಾನು ಈಚೆ ಬಗ್ಗಿದರೆ ಆತ ಆಚೆ ವಾಲುತ್ತಾನೆ. ಅದೇ ಹೊತ್ತಿಗೆ ಹನ್ನೆರಡು ವರ್ಷದ ಹುಡುಗನೊಬ್ಬ ಪಾನಾ ಹಿಡಿದು ಪಕ್ಕದಲ್ಲೇ ನಿಂತು ಕಣ್ಣು ತುಂಬ ನೋಡುತ್ತಿದ್ದ. ಅವನಿಗೆ ಯಾರೂ 'ನಿನಗ್ಯಾಕ ಬೇಕೋ' ಎನ್ನಲಿಲ್ಲ. (ಆ ಹುಡುಗ ಇರಬೇಕಾದದ್ದು ನನ್ನ ತರಗತಿಯಲ್ಲಿ. ಅದು ಬೇರೆ ಜಗಳ, ಅದನ್ನೂ ಅಲ್ಲಿಯೇ ಮಾಡಿ ಬಂದೆ.) ಗಾಡಿಯನ್ನು ಮನೆಗೆ ತಳ್ಳಿಸಿಕೊಂಡು ಬಂದೆ.

ನಾನು ಹೇಳಬೇಕೆಂದಿರುವುದು ಇದನ್ನೇ. ಮೂವತ್ತು ವರ್ಷಗಳಿಂದ ಹೆಣ್ಣುಮಕ್ಕಳ ಕೈಗೆ ಗಾಡಿಯ ಕೀಲಿ ಬಂದಿದೆ. ಲೂನಾ ಬಂತು, ಸ್ಕೂಟಿ ಬಂತು, ಆಮೇಲೆ ಬಂದವನ್ನು ಎಣಿಸಲಾರೆ. ಜಾಹೀರಾತಿನಲ್ಲಿ ಹುಡುಗಿಯ ಕೂದಲು ಗಾಳಿಗೆ ಹಾರುತ್ತದೆ, ಅದನ್ನೇ ಸ್ವಾತಂತ್ರ್ಯವೆಂದರು, ನಾವೂ ಹೌದೆಂದೆವು. ಆದರೆ ಕೀಲಿ ಕೊಟ್ಟವರು ಪಾನಾ ಕೊಡಲಿಲ್ಲ. ಗಾಡಿ ಬಂದ್ ಬಿದ್ದ ಕೂಡಲೇ ಅಣ್ಣನಿಗೋ ಗಂಡನಿಗೋ ಫೋನು ಹಚ್ಚುತ್ತೇವೆ. ಅವನಿಗೂ ಏನೂ ಗೊತ್ತಿರುವುದಿಲ್ಲ! ಬಂದು ಪ್ಲಗ್ಗಿನ ಟೋಪಿಯನ್ನು ಒಮ್ಮೆ ಎಳೆದು ಹಾಕಿ, ಗಂಭೀರವಾಗಿ ನೋಡಿ, "ಗ್ಯಾರೇಜಿಗೆ ಒಯ್ಯಬೇಕು" ಎನ್ನುತ್ತಾನೆ. ಅಷ್ಟಕ್ಕೇ ಅವನು ತಿಳಿದವನು, ನಾವು ತಿಳಿಯದವರು.

ನಮ್ಮ ಶಾಲೆಯಲ್ಲಿಯೇ ಕಂಡದ್ದು ಹೇಳುತ್ತೇನೆ. 2006-07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಒಳ್ಳೆಯ ಯೋಜನೆ. ಹಳ್ಳಿಯ ಎಷ್ಟೋ ಹುಡುಗಿಯರು ಏಳನೆಯ ತರಗತಿಗೇ ಶಾಲೆ ಬಿಡುವುದು ತಪ್ಪಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ವರ್ಷ ತುಂಬುವ ಮೊದಲೇ ಸೈಕಲ್ಲುಗಳು ಮನೆಯ ಗೋಡೆಗೆ ಒರಗಿ ನಿಲ್ಲುತ್ತಿದ್ದವು. ಏನಾಯಿತೇ? "ಪಂಚರ್ ಆಗೇದ್ರಿ ಅಕ್ಕೋರ. ಅಣ್ಣಗ ಪುರಸತ್ತಾದ ಮ್ಯಾಲೆ ಹಾಕಿಸ್ತಾನ." ಅಣ್ಣನಿಗೆ ಪುರುಸೊತ್ತು ಸಿಗುವವರೆಗೆ ಹುಡುಗಿ ನಾಲ್ಕು ಕಿಲೋಮೀಟರು ನಡೆಯುತ್ತಾಳೆ. ಒಂದು ತುಂಡು ರಬ್ಬರು, ಒಂದು ಟ್ಯೂಬ್ ಸೊಲ್ಯೂಷನ್ನು, ಉಜ್ಜುವ ಕಾಗದ, ಒಂದು ಬಕೆಟ್ ನೀರು. ಕಸೂತಿ ಹಾಕುವ ಬೆರಳಿಗೆ ಇದೇನು ಮಹಾ? ಇಷ್ಟು ವರ್ಷ ಅದೇ ಶಾಲೆಯಲ್ಲಿ ಕಾರ್ಯಾನುಭವದ ತಾಸಿನಲ್ಲಿ ಹುಡುಗಿಯರಿಗೆ ಬಟ್ಟೆಯ ಗುಲಾಬಿ ಮಾಡಿಸಿದವಳು ನಾನು. ಪಂಚರ್ ಹಾಕುವುದನ್ನು ನಾನೂ ಕಲಿಸಲಿಲ್ಲ, ನನಗೇ ಬರುತ್ತಿರಲಿಲ್ಲ. ಆದ್ದರಿಂದ ಈ ಜಗಳದಲ್ಲಿ ನಾನು ಒಂದು ಕಡೆಯವಳು ಮಾತ್ರವಲ್ಲ.

ಯಂತ್ರ ಹೆಣ್ಣಿನ ಕೈಗೆ ಒಗ್ಗುವುದಿಲ್ಲ ಎನ್ನುವವರಿಗೆ ಒಂದು ಹಳೆಯ ಕತೆ ಹೇಳಬೇಕು. ಮೋಟಾರು ಗಾಡಿಯಲ್ಲಿ ಜಗತ್ತಿನ ಮೊದಲ ದೂರದ ಪ್ರಯಾಣ ಮಾಡಿದವಳು ಹೆಂಗಸು. ಜರ್ಮನಿಯ ಬರ್ಥಾ ಬೆಂಜ್. 1888ರಲ್ಲಿ ಗಂಡನಿಗೆ ಹೇಳದೆ, ಗಂಡನೇ ಕಟ್ಟಿದ ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ನೂರು ಕಿಲೋಮೀಟರಿಗೂ ಮಿಕ್ಕಿ ದೂರದ ತವರಿಗೆ ಹೊರಟಳು. (ತವರಿಗೇ! ಬೇರೆಲ್ಲಿಗೆ?) ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿತು, ಟೋಪಿಯ ಪಿನ್ನಿನಿಂದ ಬಿಡಿಸಿದಳು. ತಂತಿ ಕೆಟ್ಟಿತು, ಕಾಲುಚೀಲದ ಪಟ್ಟಿ ಸುತ್ತಿದಳು. ಬ್ರೇಕು ಸವೆಯಿತು, ಚಮ್ಮಾರನ ಅಂಗಡಿಗೆ ಹೋಗಿ ಚರ್ಮ ಹೊಡೆಸಿದಳು. ಗಂಡನ ಹೆಸರು ಕಾರಿನ ಮೂತಿಯ ಮೇಲೆ ಇಂದಿಗೂ ಓಡಾಡುತ್ತಿದೆ. ಪಿನ್ನಿನ ಕತೆ ಕೇಳಿದವರು ಎಷ್ಟು ಮಂದಿ?

ಪಿನ್ನು ಎಂದ ಕೂಡಲೇ ನೆನಪಾಯಿತು. ನನ್ನ ವಯಸ್ಸಿನವರು ಪಂಪ್ ಸ್ಟೋವು ಮರೆತಿಲ್ಲ ತಾನೇ? ಉರಿ ಕೆಂಪಾಗಿ ಬುಸ್ ಎಂದರೆ ನಿಪ್ಪಲಿನಲ್ಲಿ ಕಸ. ಪಿನ್ನು ಹಾಕಿ ಚುಚ್ಚು. ಪಂಪು ಗಾಳಿ ಹಿಡಿಯದಿದ್ದರೆ ತೊಗಲಿನ ವಾಷರು ಒಣಗಿದೆ, ಎರಡು ಹನಿ ಎಣ್ಣೆ ಬಿಡು. ಇದನ್ನು ಅವ್ವನಿಗೆ ಯಾವ ಕಾಲೇಜು ಕಲಿಸಿತ್ತು? ಕಾರ್ಬುರೇಟರ್ ಎಂಬ ದೊಡ್ಡ ಹೆಸರಿನ ವಸ್ತುವನ್ನು ಊಟದ ತಾಟಿನಲ್ಲಿ ಇಟ್ಟುಕೊಂಡು ಬಿಚ್ಚಿದಾಗ ಒಳಗೆ ಕಂಡದ್ದು ಸ್ಟೋವಿನ ನಿಪ್ಪಲಿನ ಅಕ್ಕ-ತಂಗಿಯರು. ಸೂಕ್ಷ್ಮ ತೂತಿನ ಎರಡು ಹಿತ್ತಾಳೆಯ ಜೆಟ್ಟು, ತೇಲುವ ಒಂದು ಬುರುಡೆ, ಒಂದು ಸೂಜಿ. ಜೆಟ್ಟಿನ ತೂತಿನಲ್ಲಿ ಒಣಗಿದ ಪೆಟ್ರೋಲು ಬೆಲ್ಲದ ಪಾಕದಂತೆ ಕಟ್ಟಿತ್ತು. ತೊಳೆದು ಊದಿದೆ, ಬೆಳಕು ಕಂಡಿತು. ಸೈಕಲ್ ಪಂಪಿನ ಗಾಳಿ ಹೊಡೆದರೆ ಇನ್ನೂ ಒಳ್ಳೆಯದು. ಸ್ಟೋವಿಗೆ ಹಾಕುವಂತೆ ಇದಕ್ಕೆ ಪಿನ್ನು ಹಾಕಬಾರದು, ತೂತು ದೊಡ್ಡದಾಗುತ್ತದೆ. ಇದನ್ನು ಒಂದು ಜೆಟ್ಟು ಕೆಡಿಸಿದ ಮೇಲೆ ಕಲಿತೆ.

ಟೂ-ಸ್ಟ್ರೋಕ್ ಇಂಜಿನ್ನಿನಷ್ಟು ಸರಳ ಯಂತ್ರ ಮನೆಯ ಮಿಕ್ಸರೂ ಅಲ್ಲ. ಅದಕ್ಕೆ ವಾಲ್ವಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಂಥ ತೂತುಗಳಿರುತ್ತವೆ, ಪಿಸ್ಟನ್ ಮೇಲೆ ಕೆಳಗೆ ಹೋಗುತ್ತ ತಾನೇ ಅವುಗಳ ಬಾಗಿಲಾಗುತ್ತದೆ. ಪಿಸ್ಟನ್ನು, ಅದನ್ನು ಹಿಡಿದ ರಾಡು, ರಾಡು ತಿರುಗಿಸುವ ಕ್ರ್ಯಾಂಕು, ಮುಖ್ಯವಾಗಿ ತಿರುಗಾಡುವವು ಈ ಮೂರೇ. ಪೆಟ್ರೋಲಿನ ಹಬೆ ಕ್ರ್ಯಾಂಕಿನ ಕೋಣೆಯ ಮೂಲಕವೇ ಹಾದು ಹೋಗುವುದರಿಂದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಕಲಸಿ ಹಾಕಬೇಕು. ನಾನು ಹಾಕುವುದು ಲೀಟರಿಗೆ 40 ಮಿಲಿ. ಕೆಮ್ಮಿನ ಔಷಧದ ಮುಚ್ಚಳದಲ್ಲಿ ಅಳೆಯುತ್ತೇನೆ. ಉಪ್ಪಿನಕಾಯಿಗೆ ಉಪ್ಪಿನ ಅಳತೆ ತಪ್ಪದವರಿಗೆ ಇದು ತಪ್ಪುವುದಿಲ್ಲ.

ಜಾಮ್ ಆದ ಪಿಸ್ಟನ್ನಿಗೆ ಪ್ಲಗ್ ತೆಗೆದು ಡೀಸೆಲ್ಲು, ಎಣ್ಣೆ ಬೆರೆಸಿ ಸುರಿದು ಎಂಟು ದಿನ ಬಿಟ್ಟೆ. ದಿನಾ ಸಂಜೆ ಗಾಡಿಯನ್ನು ಗೇರಿನಲ್ಲಿ ಹಾಕಿ ಹಿಂದಿನ ಗಾಲಿಯನ್ನು ಮೆಲ್ಲಗೆ ಹಿಂದೆ ಮುಂದೆ ಅಲುಗಿಸುವುದು. ಒಂಬತ್ತನೆಯ ದಿನ 'ಟಕ್' ಎಂದಿತು. ಇಪ್ಪತ್ತೈದು ಸಾವಿರದ ಕ್ರ್ಯಾಂಕು ಎಂಟು ದಿನದ ತಾಳ್ಮೆಯಲ್ಲಿ ತಿರುಗಿತು. ಹೆಡ್ಡಿನ ನಾಲ್ಕು ನಟ್ಟು ಬಿಚ್ಚಲು ಬಲ ಸಾಲದಾದಾಗ ಪಾನಾಕ್ಕೆ ನಳದ ಒಂದು ತುಂಡು ಪೈಪು ತೊಡಿಸಿ ಎಳೆದೆ. ಬಂತು. ಹೆಂಗಸರಿಗೆ ಬಲವಿಲ್ಲ ಎನ್ನುವ ಮಾತು ನಮ್ಮ ಊರುಗಳಲ್ಲಿ ಯಾವಾಗ ಹುಟ್ಟಿತೋ ತಿಳಿಯದು. ಎರಡು ಕೊಡ ನೀರು ತಲೆಯ ಮೇಲೆ, ಒಂದು ಬಗಲಿಗೆ ಹೊತ್ತು ಬರುವಾಗ ಯಾರೂ ಅದನ್ನು ಹೇಳಿದ್ದು ಕೇಳಿಲ್ಲ.

ತಪ್ಪುಗಳನ್ನೂ ಹೇಳಬೇಕು, ಇಲ್ಲದಿದ್ದರೆ ಜಂಬವಾಗುತ್ತದೆ. ಪಿಸ್ಟನ್ ರಿಂಗು ಬೀಡಿನದು, ಬಳೆಯಂತೆ ಅಗಲಿಸಿ ತೊಡಿಸಹೋದರೆ ಬಳೆಯಂತೆಯೇ ಮುರಿಯುತ್ತದೆ. ಮುರಿದೆ. ಪಿಸ್ಟನ್ನಿನ ಪಿನ್ನನ್ನು ಹಿಡಿದಿಡುವ ಸರ್ಕ್ಲಿಪ್ಪನ್ನು ಇಕ್ಕಳದಿಂದ ತೆಗೆಯುವಾಗ ಕ್ರ್ಯಾಂಕಿನ ಬಾಯಿಗೆ ಬಟ್ಟೆ ತುರುಕಬೇಕೆಂದು ತಿಳಿಯದೆ, ಅದು ಚಿಮ್ಮಿ ನೇರವಾಗಿ ಇಂಜಿನ್ನಿನ ಹೊಟ್ಟೆಯೊಳಗೆ ಬಿತ್ತು. ಆ ರಾತ್ರಿ ಊಟ ಸೇರಲಿಲ್ಲ. ಇಡೀ ಇಂಜಿನ್ ಒಡೆಯಬೇಕು ಎಂದುಕೊಂಡು ಮಲಗಿದೆ. ಬೆಳಿಗ್ಗೆ ಮಗಳು ಹೊಲಿಗೆ ಡಬ್ಬಿಯಲ್ಲಿ ಸೂಜಿ ಆರಿಸುವ ಅಯಸ್ಕಾಂತಕ್ಕೆ ದಾರ ಕಟ್ಟಿ ಇಳಿಬಿಟ್ಟಳು. ಬಾವಿಯಲ್ಲಿ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ಹುಡುಕಿದ ಹಾಗೆ ಅರ್ಧ ತಾಸು ಹುಡುಕಿದೆವು. ಬಂದಾಗ ಇಬ್ಬರೂ ಕೂಗಿದ ಕೂಗಿಗೆ ಪಕ್ಕದ ಮನೆಯ ವೈನಿ ಓಡಿಬಂದರು, ಹಾವು ಬಂತೇನೋ ಎಂದು.

ಸಿಲಿಂಡರಿನ ಗೋಡೆಯಲ್ಲಿ ಗೀರು ಬಿದ್ದದ್ದು ನಿಜವಿತ್ತು. ಮಿಸ್ತ್ರಿಯ ಮಾತಿನಲ್ಲಿ ಅದೊಂದು ಸುಳ್ಳಲ್ಲ. ಹುಬ್ಬಳ್ಳಿಯ ಓಣಿಯೊಂದರಲ್ಲಿ ಲೇಥು ಇಟ್ಟುಕೊಂಡ ಮುದುಕರೊಬ್ಬರ ಬಳಿಗೆ ಸಿಲಿಂಡರನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಒಯ್ದೆ. ಚಹಾ ತರಿಸಿದರು. ಇನ್ನು ಆ ಪ್ರಶ್ನೆ ಬರುತ್ತದೆಂದು ಕಾದೆ. ಬರಲಿಲ್ಲ. "ಬರ್ರಿ ಅಕ್ಕಾ, ಇಲ್ಲಿ ಬೆರಳು ಹಚ್ಚಿ ನೋಡ್ರಿ" ಎಂದು ನನ್ನ ಬೆರಳನ್ನು ಸಿಲಿಂಡರಿನ ಒಳಗೆ ಇಡಿಸಿ ಗೀರನ್ನು ಮುಟ್ಟಿಸಿದರು. ಪಿಸ್ಟನ್ನು 0.25 ಮಿಲಿಮೀಟರಿನ ಹೆಜ್ಜೆಯಲ್ಲಿ ದೊಡ್ಡದಾಗುತ್ತ ಸಿಗುತ್ತದೆ, ಎಷ್ಟು ದೊಡ್ಡದು ಸಿಕ್ಕಿದೆಯೋ ಅಷ್ಟಕ್ಕೇ ಬೋರು ಹೊಡೆಯಬೇಕು, ಮೊದಲು ಪಿಸ್ಟನ್ ತಂದು ಕೈಗೆ ಕೊಡಿ ಎಂದರು. ರಿಂಗನ್ನು ಬೋರಿನಲ್ಲಿ ಇಳಿಸಿ ತುದಿಗಳ ನಡುವಿನ ಸಂದು ಅಳೆಯುವುದನ್ನು ಮೂರು ಸಲ ಮಾಡಿಸಿದರು. ಕುಂದಗೋಳಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಹಾಡು ಕಲಿತ ಗಂಗೂಬಾಯಿ ಹಾನಗಲ್ಲರ ನೆನಪಾಯಿತು. ಅವರ ಗಂಟಲಿನಲ್ಲಿ ವಿದ್ಯೆ ಇತ್ತು ನಿಜ. ಆದರೆ ಗುರು ಬಾಗಿಲು ತೆರೆದದ್ದೂ ನಿಜ. ನಾನು ಗಂಡಸರೆಲ್ಲರ ಮೇಲೆ ಹರಿಹಾಯುತ್ತಿಲ್ಲ. ಬೆನ್ನು ತಿರುಗಿಸಿ ಕುಳಿತವರ ಬಗ್ಗೆ ಮಾತ್ರ ನನ್ನ ತಕರಾರು.

ಕಸುಬನ್ನು ಮುಚ್ಚಿಟ್ಟುಕೊಳ್ಳುವ ಗುಣ ಗಂಡಸರದು ಮಾತ್ರವೂ ಅಲ್ಲ. ನಮ್ಮೂರಿನ ಜಮಖಾನೆ ಹೆಸರುವಾಸಿ. ನಿಂತ ಮಗ್ಗದ ಮುಂದೆ ಕುಳಿತು ಹೆಣ್ಣುಮಕ್ಕಳೇ ನೇಯುತ್ತಾರೆ. ಮಗಳಿಗೆ ಕಲಿಸಿದರೆ ವಿದ್ಯೆ ಬೇರೆ ಮನೆಗೆ ಹೋಗುತ್ತದೆಂದು ಸೊಸೆಗೆ ಮಾತ್ರ ಕಲಿಸುತ್ತಿದ್ದರೆಂದು ಹೇಳುತ್ತಾರೆ. ಇಂದು ನೇಯುವ ಕೈಗಳು ಬೆರಳೆಣಿಕೆಗೆ ಇಳಿದಿವೆ. ಯೆಜ್ಡಿ ರಿಪೇರಿ ಬಲ್ಲ ಮಿಸ್ತ್ರಿಗಳ ಪಾಡೂ ಅದೇ. ಬೆನ್ನು ತಿರುಗಿಸಿ ಕುಳಿತವನ ಗ್ಯಾರೇಜಿನಲ್ಲಿ ಇನ್ನು ಹತ್ತು ವರ್ಷಕ್ಕೆ ಯಾರು ಕುಳಿತಿರುತ್ತಾರೆ?

ಕಿಡಿ ಹಾರುವ ಹೊತ್ತನ್ನು ಕೂಡಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಪಿಸ್ಟನ್ ತುತ್ತತುದಿ ಮುಟ್ಟಲು ಸುಮಾರು 3 ಮಿಲಿಮೀಟರು ಇರುವಾಗ ಪಾಯಿಂಟು ತೆರೆಯಬೇಕು. ಅಳೆಯಲು ಬೇರೆ ಉಪಕರಣ ಬರುತ್ತದೆ, ನನ್ನ ಬಳಿ ಇದ್ದದ್ದು ಸ್ವೆಟರ್ ಹೆಣೆಯುವ ಅಲ್ಯೂಮಿನಿಯಂ ಕಡ್ಡಿ. ಪ್ಲಗ್ಗಿನ ತೂತಿನಲ್ಲಿ ಇಳಿಬಿಟ್ಟು ಅದರ ಮೇಲೆ ಗುರುತು ಮಾಡಿಕೊಂಡೆ. ಹೊಲಿಗೆ ಯಂತ್ರದಲ್ಲಿ ಸೂಜಿ ಕೆಳಗಿಳಿದಾಗ ಶಟಲಿನ ಕೊಂಡಿ ಸರಿಯಾಗಿ ಬಂದು ದಾರ ಹಿಡಿಯದಿದ್ದರೆ ಹೊಲಿಗೆ ತಪ್ಪುವುದಿಲ್ಲವೇ? ಇದೂ ಹಾಗೆಯೇ. ಮೊದಲ ಸಲ ಗುರುತು ತಪ್ಪಿ ಕಿಡಿ ಬೇಗ ಹಾರಿತು, ಕಿಕ್ ತಿರುಗಿ ಹೊಡೆಯಿತು. ಯೆಜ್ಡಿಯಲ್ಲಿ ಕಿಕ್ಕೂ ಗೇರೂ ಒಂದೇ ಸನ್ನೆ, ಒಳಗೆ ಒತ್ತಿ ಮೇಲೆತ್ತಿದರೆ ಕಿಕ್, ಬಿಟ್ಟರೆ ಗೇರು. ಆ ಸನ್ನೆ ಕಣಕಾಲಿಗೆ ಬಡಿದ ಪೆಟ್ಟಿಗೆ ಹದಿನೈದು ದಿನ ಕುಂಟಿದೆ. ಅವ್ವ ಅರಿಷಿಣದ ಪಟ್ಟು ಹಾಕುತ್ತ, "ನಾ ಹೇಳಿದ್ದಿಲ್ಲೇನು? ನಿನಗ್ಯಾಕ ಬೇಕಿತ್ತು?" ಎಂದಳು. ರೊಟ್ಟಿಯ ಹಂಚು ಕೈ ಸುಟ್ಟಾಗ, ಕುಕ್ಕರ್ ಸಿಡಿದಾಗ ಆ ಮಾತು ಯಾರೂ ಆಡುವುದಿಲ್ಲ, ನೋಡಿದ್ದೀರಾ?

2023ರ ಯುಗಾದಿಯ ಹಿಂದಿನ ದಿನ ಅದು ಮಾತಾಡಿತು. ಏಳನೆಯ ಒದೆತಕ್ಕೆ. ಮೊದಲು ಒಂದು ಕೆಮ್ಮು, ಆಮೇಲೆ ಹಿತ್ತಲು ತುಂಬ ನೀಲಿ ಹೊಗೆ, ಹೊಗೆಯ ಒಳಗಿಂದ ಆ ಸಪ್ಪಳ. ಅವ್ವ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದಳು. ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಆ ಸಪ್ಪಳಕ್ಕೆ ಇಪ್ಪತ್ತಾರು ವರ್ಷ ಚಹಾಕ್ಕೆ ನೀರಿಟ್ಟವಳು ಅವಳು. ಏನೂ ಅನ್ನಲಿಲ್ಲ. ಒಳಗೆ ಹೋಗಿ ಚಹಾಕ್ಕಿಟ್ಟಳು.

ಖರ್ಚು ಎಲ್ಲ ಸೇರಿ 13,400 ರೂಪಾಯಿ. ಬಣ್ಣ ಹಚ್ಚಿಸಿಲ್ಲ, ಅಪ್ಪನ ಮೊಣಕಾಲು ತಾಗಿ ಸವೆದ ಟಾಕಿ ಹಾಗೇ ಇದೆ.

ಹೊಗೆಯ ಮಾತು ಬಂದಿತಲ್ಲ. ಈ ಜಾತಿಯ ಇಂಜಿನ್ನು ಉರಿಯದ ಪೆಟ್ರೋಲನ್ನೂ ಎಣ್ಣೆಯನ್ನೂ ಹೊರಗೆ ಉಗುಳುವುದು ಸುಳ್ಳಲ್ಲ, ದಿನಾ ಓಡಿಸುವ ಗಾಡಿ ಇದಲ್ಲ. ಶಾಲೆಗೆ ನಾನು ಹೋಗುವುದು ನಡೆದೇ. ಇದನ್ನು ವಾರಕ್ಕೊಮ್ಮೆ ಹಿತ್ತಲಿನಲ್ಲಿ ಹತ್ತು ನಿಮಿಷ ಶುರು ಮಾಡುತ್ತೇನೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲು. ಅದು ನೀರು ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಒಂದೇ ವರ್ಷದಲ್ಲಿ ಎರಡು ಸಲ ಪೆಟ್ರೋಲಿನ ಪೈಪು ಬದಲಿಸಿದ್ದೇನೆ. ಆದ್ದರಿಂದ ನಿಲ್ಲಿಸುವ ಮೊದಲು ಕಾರ್ಬುರೇಟರನ್ನು ಖಾಲಿ ಮಾಡುವುದು ರೂಢಿಯಾಗಿದೆ, ಮಲಗುವ ಮೊದಲು ಗ್ಯಾಸು ಬಂದ್ ಮಾಡಿದಂತೆ.

'ಗ್ಯಾರೇಜು ಇದ್ದಾವಲ್ಲ, ಹೆಂಗಸರಿಗೆ ಇರುವ ಕೆಲಸವೇ ಸಾಲದೇ?' ಎಂದು ಕೇಳುವ ಗೆಳತಿಯರಿದ್ದಾರೆ. ಮಾತು ಸುಳ್ಳಲ್ಲ. ದುಡಿದು ಬಂದು ಎರಡು ಹೊತ್ತು ಬೇಯಿಸುವವಳಿಗೆ ಇಂಜಿನ್ನನ್ನೂ ಬಿಚ್ಚು ಎಂದು ಹೇಳುವಷ್ಟು ಕಟುಕಳು ನಾನಲ್ಲ. ಎಲ್ಲರೂ ಬಿಚ್ಚಬೇಕಾಗಿಲ್ಲ. ಆದರೆ ಬಿಚ್ಚಿದಾಗ ಪಕ್ಕದಲ್ಲಿ ನಿಂತು ನೋಡುವುದನ್ನು ಯಾರೂ ತಡೆಯಬಾರದು. ಮತ್ತೆ ನಾವೂ 'ನಮಗ್ಯಾಕ ಬಿಡ್ರಿ' ಎಂದು ಪರ್ಸಿನಿಂದ ದುಡ್ಡು ತೆಗೆದು ಕೊಟ್ಟು ಬರುವುದನ್ನು ಜಾಣತನವೆಂದು ತಿಳಿಯಬಾರದು. ಕಲಘಟಗಿಯ ತೊಟ್ಟಿಲು ಮೂರು ತಲೆಮಾರು ತೂಗುತ್ತದೆ, ಸರಪಳಿ ಸವೆದರೆ ಕೊಂಡಿ ಹಾಕಿಸುತ್ತೇವೆ, ಯಾರೂ ಗುಜರಿಗೆ ಹಾಕುವುದಿಲ್ಲ. ಏಕೆಂದರೆ ಅದು ನಮ್ಮದೆಂದು ನಮಗೆ ಗೊತ್ತು. ಗಾಡಿಯನ್ನು ಹಾಗೆ ನಮ್ಮದೆಂದುಕೊಂಡಿಲ್ಲ.

ಈಗ ಪ್ರತಿ ರವಿವಾರ ನಾಲ್ಕು ಹುಡುಗಿಯರು ನಮ್ಮ ಹಿತ್ತಲಿಗೆ ಬರುತ್ತಾರೆ. ಸೈಕಲ್ ಪಂಚರಿನಿಂದ ಸುರುಮಾಡಿದ್ದೇವೆ. ಇಬ್ಬರು ಪ್ಲಗ್ ತೆಗೆದು ಉಜ್ಜಿ, ಸಂದು ನೋಡಿ ಹಾಕುವಷ್ಟಾಗಿದ್ದಾರೆ. ಒಬ್ಬಳ ಅಪ್ಪ ಬಂದು ಗೇಟಿನ ಹೊರಗೇ ನಿಂತು ಅದೇ ಪ್ರಶ್ನೆ ಕೇಳಿ ಹೋದ. ಮುಂದಿನ ವಾರ ತನ್ನದೇ ಗಾಡಿಯನ್ನು ತಂದು ನಿಲ್ಲಿಸಿದ, ಮಗಳು ಪ್ಲಗ್ ನೋಡಲಿ ಎಂದು. ಗ್ಯಾರೇಜಿನ ನೂರು ರೂಪಾಯಿ ಉಳಿಯುತ್ತದಲ್ಲ!

ಉಳಿದದ್ದು ಕಾಗದದ ಮಾತು. ಗಾಡಿ ಇನ್ನೂ ಅಪ್ಪನ ಹೆಸರಿನಲ್ಲಿದೆ, ನೋಂದಣಿಯ ಅವಧಿಯೂ ಮುಗಿದಿದೆ. ಅದಕ್ಕೇ ರಸ್ತೆಗೆ ಇಳಿಸಿಲ್ಲ. ಮಾಲೀಕ ತೀರಿಕೊಂಡರೆ ಹೆಸರು ಬದಲಿಸಲು 31ನೆಯ ನಮೂನೆ ತುಂಬಬೇಕು, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಅವ್ವ ಮರುದಿನವೇ ಸಹಿ ಹಾಕಿದಳು. ಅಣ್ಣನಿಗೆ ಕಳಿಸಿದೆ. 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಹೊಸ ಗಾಡಿಗಳು ಬಂದ ಮೇಲೆ ಹಳೆಯವಕ್ಕೂ ಬೆಲೆ ಬಂದಿದೆಯಂತೆ. ಅಣ್ಣನ ಮಗ ಅದನ್ನು ಮೊಬೈಲಿನಲ್ಲಿ ನೋಡಿದ್ದಾನೆ. ಅಣ್ಣ ಫೋನು ಮಾಡಿ, "ಅಪ್ಪನ ಗಾಡಿ ಅಂದ್ರ ಮನಿತನದ್ದು ನೋಡವಾ. ಬೆಂಗಳೂರಾಗ ಒಬ್ಬರು ಕೇಳ್ಯಾರ. ಮಾರಿ ಇಬ್ಬರೂ ಹಂಚಿಕೊಳ್ಳೂಣಂತ" ಎಂದ. ಹೊಲಕ್ಕೆ ಇಲ್ಲದ ಹಂಚಿಕೆ ಫಟಫಟಿಗೆ ಬಂತು! ನಮೂನೆಗೆ ಇನ್ನೂ ಸಹಿ ಆಗಿಲ್ಲ.

ದೀಪಾವಳಿಗೆ ಬರುತ್ತೇನೆ, ಕೂತು ಮಾತಾಡೋಣ ಎಂದಿದ್ದಾನೆ. ಬರಲಿ. ಕುರ್ಚಿಯ ಧೂಳು ಝಾಡಿಸಿ ಕೂಡ್ರಿಸುತ್ತೇನೆ. ಶುಂಠಿ ಹಾಕಿ ಚಹಾ ಮಾಡಿಕೊಡುತ್ತೇನೆ. ಆಮೇಲೆ ನಮೂನೆ, ಪೆನ್ನು ಎರಡನ್ನೂ ಮುಂದಿಟ್ಟು ಮೆಲ್ಲಗೆ ಕೇಳಬೇಕೆಂದಿದ್ದೇನೆ: "ನಿನಗ್ಯಾಕ ಬೇಕೋ ಅಣ್ಣಾ ಇದೆಲ್ಲಾ?"